ಬಾಸು, ಟ್ರೆಬಲ್ಲು, ಅಜ್ಜಿಯ ಕುಂಕುಮ

ಭಾನುವಾರ ಬೆಳಿಗ್ಗೆ ಚಟ್ನಿಗೆ ಕಾಯಿ ತುರಿದುಕೊಡುವುದು ಹಾಲೇಶನ ಪಾಲಿನ ಮನೆಗೆಲಸ. ವಾರವಿಡೀ ಸಹಕಾರ ಸಂಘದ ಕಚೇರಿಯಲ್ಲಿ ಬೇರೆಯವರು ಹೇಳಿದ್ದನ್ನು ಬರೆದುಕೊಳ್ಳುವ ಈ ಗುಮಾಸ್ತ, ತುರಿಮಣೆಯ ಮೇಲೆ ಕೂತಾಗ ಮಾತ್ರ ಮನೆಯ ಯಜಮಾನನಂತೆ ಕಾಣುತ್ತಿದ್ದ. ಅವತ್ತೂ ಹಾಗೆ ಕೂತು, ಒಂದು ಹೋಳು ಮುಗಿಸಿ ಇನ್ನೊಂದಕ್ಕೆ ಕೈಹಾಕುವಷ್ಟರಲ್ಲಿ ಗೇಟಿನ ಹೊರಗೆ ಗೂಡ್ಸ್ ಆಟೊ ಬಂದು ನಿಂತು ಶಿವಮೊಗ್ಗದ ವಿನೋಬನಗರಕ್ಕೆಲ್ಲ ಕೇಳುವ ಹಾಗೆ ಹಾರ್ನ್ ಹೊಡೆಯಿತು.

"ಬಂತು! ಅಪ್ಪಾ, ಬಂತು!" ಮಗಳು ಇಂಪನಾ ಅಮ್ಮನ ಕೈಯಲ್ಲಿ ಅರ್ಧ ಹೆಣೆದಿದ್ದ ಜಡೆಯನ್ನು ಕಿತ್ತುಕೊಂಡು ಓಡಿದಳು. ಹಾಲೇಶನೂ ಕೈಯಲ್ಲಿದ್ದ ಹೋಳಿನ ಸಮೇತ ಹಿಂದೆಯೇ ಹೋದ.

ಬಂದದ್ದು ಗಿಟಾರಿನ ಆಂಪ್ಲಿಫೈಯರ್. ಒಂಬತ್ತನೇ ಕ್ಲಾಸಿನ ಇಂಪನಾ ಗೋಪಾಳದಲ್ಲಿ ಗಿಟಾರ್ ಕ್ಲಾಸಿಗೆ ಹೋಗುತ್ತಿದ್ದಳು. ಅವಳ ಎಲೆಕ್ಟ್ರಿಕ್ ಗಿಟಾರು ಆಂಪ್ ಇಲ್ಲದೆ ಸೊಳ್ಳೆಯಷ್ಟೇ ಸದ್ದು ಮಾಡುತ್ತಿತ್ತು. ಭದ್ರಾವತಿಯ ಕಾಗದನಗರದಲ್ಲಿದ್ದ ಹಾಲೇಶನ ತಂಗಿ ವಾಣಿ, ತನ್ನ ಬೀದಿಯ ಹುಸೇನ್ ಸಾಹೇಬರಿಗೆ ಹೇಳಿ ಈ ಪೆಟ್ಟಿಗೆ ತರಿಸಿದ್ದಳು. ಸಾಹೇಬರು ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುತ್ತಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಸ್ಟೇಜ್ ಬಿಟ್ಟಿದ್ದರು, ಸ್ಟೇಜಿನ ಗತ್ತು ಬಿಟ್ಟಿರಲಿಲ್ಲ. ಆಂಪಿನ ಜೊತೆ ತಾವೂ ಬಂದಿದ್ದರು.

"ರಾಜ್ಯೋತ್ಸವದ ತನಕ ಇಟ್ಕೊಳ್ಳಿ. ಬೇಟಿ ನಮ್ಮ ಕಾಗದನಗರದ ಸ್ಟೇಜಲ್ಲಿ ಬಾರಿಸ್ಲಿ. ಕೈಗೆ ಕೂತ್ರೆ ನಿಮ್ದೇ. ಕೂರ್ಲಿಲ್ಲಾಂದ್ರೆ ಅಲ್ಲಿಂದ್ಲೇ ವಾಪಸ್ ಒಯ್ತೀನಿ. ತರೀಕೆರೆ ಆರ್ಕೆಸ್ಟ್ರಾದವ್ರು ಕಾಯ್ತಾ ಕೂತಿದಾರೆ" ಎಂದು ಪೆಟ್ಟಿಗೆಯ ಮುಖದ ಮೇಲಿನ ಐದು ತಿರುಗುಗುಂಡಿಗಳನ್ನು ತೋರಿಸಿದರು. "ನೋಡಮ್ಮ, ಬಾಸು ಹೊಟ್ಟೆಗೆ ತಾಗೋ ಸದ್ದು. ಟ್ರೆಬಲ್ಲು ಹಲ್ಲಿಗೆ ತಾಗೋದು. ಇವೆರಡರ ನಡುವೆ ಮಿಡ್ಲು, ಅದು ಮಾತಾಡೋ ದನಿ. ಗೇನು ಅಂದ್ರೆ ಖಾರ. ಇದು ವಾಲ್ಯೂಮು. ಯಾವುದು ಎಷ್ಟಿರ್ಬೇಕು ಅಂತ..."

"ಅಯ್ಯೋ ಬಿಡಿ ಸಾಹೇಬ್ರೆ" ಎಂದು ಹಾಲೇಶ ತೆಂಗಿನ ಹೋಳನ್ನೇ ಅಡ್ಡ ಹಿಡಿದು ತಡೆದ. "ಸೌಂಡಿನ ವಿಷಯ ನಂಗೆ ಹೇಳ್ಬೇಕಾ? ನಾನೇ ಸೆಟ್ ಮಾಡ್ತೀನಿ."

ಈ ಆತ್ಮವಿಶ್ವಾಸಕ್ಕೆ ಆಧಾರ ಇರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಕಾಲೇಜಿನ ದಿನಗಳಲ್ಲಿ ಬೀದಿಯ ಗಣಪತಿ ಪೆಂಡಾಲಿನಲ್ಲಿ ಮೈಕ್ ಸೆಟ್ಟಿನ ಪಕ್ಕ ಹಾಲೇಶ ಕೂತಿದ್ದ. ಸೆಟ್ಟಿನವನು ಊಟಕ್ಕೆ ಹೋದಾಗ "ಹಲೋ, ಹಲೋ, ಚೆಕ್" ಎಂದೂ ಹೇಳಿದ್ದ. ಅಂದಿನಿಂದ ಸಂಘದ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಮಾತಾಡುವಾಗ ಹಿಂದಿನ ಸಾಲಿನಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, "ಎಕೋ ಜಾಸ್ತಿ ಆಯ್ತು" ಎನ್ನುವ ಹಕ್ಕು ಅವನದಾಗಿತ್ತು. ಅದನ್ನು ಕಮ್ಮಿ ಮಾಡುವುದು ಹೇಗೆಂದು ಯಾರೂ ಅವನನ್ನು ಕೇಳಿರಲಿಲ್ಲ.

"ಅಪ್ಪ ಸೆಟ್ ಮಾಡ್ತಾರಂತೆ" ಎಂದು ಇಂಪನಾ ಸಂಭ್ರಮದಿಂದ ಅಮ್ಮ ತನುಜಾಗೆ ಹೇಳಿದಳು. ಅಪ್ಪ ತನ್ನ ಗಿಟಾರಿನ ವಿಷಯಕ್ಕೆ ಕೈಹಾಕಿದ್ದು ಅದೇ ಮೊದಲು. ತನುಜಾ ಗಂಡನ ಮುಖ ನೋಡಿ, ಕಾಯಿ ತುರಿಯಲು ತಾನೇ ಕೂತಳು.

ಮನೆಗೆ ಬಂದ ಹೊಸ ವಸ್ತುವನ್ನು ಪೂಜೆ ಮಾಡದೆ ಮುಟ್ಟುವ ಪದ್ಧತಿ ಹಾಲೇಶನ ತಾಯಿ ನಂಜಮ್ಮನ ರಾಜ್ಯದಲ್ಲಿ ಇರಲಿಲ್ಲ. ಸ್ಕೂಟರಿಗೆ, ಮಿಕ್ಸಿಗೆ, ನೀರು ಕಾಯಿಸುವ ಗೀಸರಿಗೆ ಆದದ್ದು ಆಂಪಿಗೂ ಆಯಿತು. ಚಕ್ರವಿಲ್ಲದಿದ್ದರೂ ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಹಾಲೇಶ ಸ್ನಾನ ಮಾಡಿ ಬಂದು, ಅಮ್ಮ ತೇಯ್ದುಕೊಟ್ಟ ಗಂಧವನ್ನು ಉಂಗುರಬೆರಳಿನಿಂದ ಐದೂ ಗುಂಡಿಗಳ ಮೇಲ್ಭಾಗಕ್ಕೆ, ಹಣೆಗೆ ಇಡುವಂತೆ ಒಂದೊಂದು ಬೊಟ್ಟು ಇಟ್ಟು, ಅದರ ಮೇಲೆ ಕುಂಕುಮ ಹಚ್ಚಿದ. ಐದು ಹಣೆಗಳು ಸಾಲಾಗಿ ಕಂಗೊಳಿಸಿದವು. ಗುಂಡಿಗಳು ಹುಸೇನ್ ಸಾಹೇಬರು ತಾವು ಬಾರಿಸಿದ ಕೊನೆಯ ಮದುವೆಯಲ್ಲಿ ಬಿಟ್ಟು ಬಂದ ಜಾಗದಲ್ಲೇ ನಿಂತಿದ್ದವು ಎಂಬುದನ್ನು ಯಾರೂ ಗಮನಿಸಲಿಲ್ಲ.

ಅವತ್ತು ಸಂಜೆ ಇಂಪನಾ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ, ಕಿವಿಗೊಟ್ಟು, ತನಗೆ ಬೇಕಾದ ದನಿ ಹುಡುಕಿಕೊಂಡಳು. ಆಮೇಲೆ ತಾನೇ ಕಟ್ಟಿದ ಒಂದು ಪುಟ್ಟ ಟ್ಯೂನ್ ನುಡಿಸಿದಳು. ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ಹನಿಗಳಂತೆ ತಡೆತಡೆದು ಬರುವ ಟ್ಯೂನು. ಮುಗಿಸಿ ತಲೆಯೆತ್ತಿ ಅಪ್ಪನ ಮುಖ ನೋಡಿದಳು.

"ಅಪ್ಪಾ, ನಾನು..."

ಹಾಲೇಶ ಒಂದು ಕಣ್ಣು ಮುಚ್ಚಿದ್ದ. "ಟ್ರೆಬಲ್ಲು ಒಂಚೂರು..." ಎಂದು ಎದ್ದು, ಒಂದು ಗುಂಡಿಯನ್ನು ಕೂದಲೆಳೆಯಷ್ಟು ಆ ಕಡೆ ತಿರುಗಿಸಿ, ಹೆದರಿ ಅಷ್ಟೇ ಈ ಕಡೆ ತಿರುಗಿಸಿ, "ಈಗ ಸರಿಹೋಯ್ತು" ಎಂದ. ಇಂಪನಾ ಕೇಳಬೇಕೆಂದಿದ್ದನ್ನು ನುಂಗಿಕೊಂಡು ತಲೆಯಾಡಿಸಿದಳು.

ಮರುದಿನ ಮನೆಯವರೆಲ್ಲ ಸ್ಕೂಲು, ಆಫೀಸು, ಅಂಗಡಿ ಎಂದು ಹೊರಟ ಮೇಲೆ ನಂಜಮ್ಮ ಎಂದಿನಂತೆ ಸ್ನಾನ ಮುಗಿಸಿ ಹೊಸಿಲಿಗೆ, ಗ್ಯಾಸ್ ಒಲೆಗೆ, ಫ್ರಿಜ್ಜಿಗೆ ಕುಂಕುಮ ಇಟ್ಟು ಆಂಪಿನ ಹತ್ತಿರ ಬಂದರೆ, ಅಲ್ಲಿ ಐದು ಕುಂಕುಮವೂ ಸೊಟ್ಟ! ಒಂದಂತೂ ಕೆನ್ನೆಗೆ ಇಳಿದಿದೆ, ಇನ್ನೊಂದು ಗಲ್ಲದಲ್ಲಿದೆ. "ಶಿವನೇ, ಇದೇನು ಅವಲಕ್ಷಣ!" ಎಂದು ಅಜ್ಜಿ ಐದೂ ಗುಂಡಿಗಳನ್ನು ಭಕ್ತಿಯಿಂದ ತಿರುಗಿಸಿ, ಬೊಟ್ಟುಗಳನ್ನು ಹಣೆಯ ನಡುವಿಗೆ ತಂದು, ಮೇಲೊಂದು ಚಿಟಿಕೆ ಹೊಸ ಕುಂಕುಮ ಇಟ್ಟು ಕೈಮುಗಿದರು. ಬಾಸು ತುಂಬ, ಟ್ರೆಬಲ್ಲು ತುಂಬ, ಮಿಡ್ಲು ನಾಪತ್ತೆ, ವಾಲ್ಯೂಮು ಕಲ್ಯಾಣ ಮಂಟಪದಷ್ಟು. ಹುಸೇನ್ ಸಾಹೇಬರ ಕೊನೆಯ ಮದುವೆ ಇದ್ದಕ್ಕಿದ್ದಂತೆ ವಿನೋಬನಗರಕ್ಕೆ ಬಂದಿಳಿಯಿತು.

ಸಂಜೆ ಇಂಪನಾ ಸ್ಕೂಲಿನಿಂದ ಬಂದು ತಂತಿ ಮೀಟಿದ್ದೇ ತಡ, ಕಿಟಕಿಯ ಗಾಜು ನಡುಗಿತು. ಪಕ್ಕದ ಮನೆಯ ಸ್ಟೀಲ್ ಲೋಟಗಳು ಸ್ಟ್ಯಾಂಡಿನಿಂದ ಒಂದೊಂದಾಗಿ ಕೆಳಗೆ ಹಾರಿದವು. ಹುಡುಗಿ ಬೆಚ್ಚಿಬಿದ್ದಳು. ಆದರೆ ಗುಂಡಿಯ ಕಡೆ ಹೋದ ಕೈ ಅರ್ಧದಲ್ಲೇ ನಿಂತಿತು. ರಾತ್ರಿ ತಾನು ಮಲಗಿದ ಮೇಲೆ ಅಪ್ಪ ಸೆಟ್ ಮಾಡಿದ್ದಲ್ಲವೇ ಇದು? ಅಪ್ಪನಿಗೆ ಹೀಗೇ ಇಷ್ಟವೇನೋ. ಒಂದು ಸಲವಾದರೂ ಅವರ ಸೆಟ್ಟಿಂಗಿನಲ್ಲೇ ನುಡಿಸದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಹಾಗೆಂದು ಹಲ್ಲು ಕಚ್ಚಿ ಅದರಲ್ಲೇ ನುಡಿಸಿದಳು.

ಆಫೀಸಿನಿಂದ ಬಂದು ಗೇಟು ತೆಗೆಯುತ್ತಿದ್ದ ಹಾಲೇಶ ಸದ್ದು ಕೇಳಿ ಗೇಟನ್ನು ತೆರೆದೇ ಬಿಟ್ಟು ಓಡಿದ. ಒಳಗೆ ಹೋಗಿ ನೋಡಿದರೆ ಮಗಳು ಗಂಭೀರವಾಗಿ ನುಡಿಸುತ್ತಿದ್ದಾಳೆ. ಈಗಿನ ಮಕ್ಕಳಿಗೆ ಹೀಗೇ ಬೇಕೇನೋ ಅಂದುಕೊಂಡ. ನಿನ್ನೆ ನಾನು ಸೆಟ್ ಮಾಡಿದ್ದನ್ನು ಬದಲಾಯಿಸಿಕೊಂಡಿದ್ದಾಳೆ, ಅಪ್ಪನಿಗೆ ನೋವಾಗದಿರಲಿ ಅಂತ ಹೇಳಿಲ್ಲ. ನಾನೂ ಹೇಳಬಾರದು. ಬಚ್ಚಲಮನೆಗೆ ಹೋಗಿ ಕಿವಿಗೆ ಹತ್ತಿ ಇಟ್ಟುಕೊಂಡು ಬಂದು, ಮುಖದಲ್ಲಿ ಮೆಚ್ಚುಗೆ ತಂದುಕೊಂಡು ಕುರ್ಚಿಯಲ್ಲಿ ಕೂತ.

ಅಪ್ಪ ತಲೆದೂಗುವುದನ್ನು ಮಗಳು ನೋಡಿದಳು. ಸರಿ, ಇದೇ ಇಷ್ಟ ಅವರಿಗೆ. ಮಗಳು ಜೋರಾಗಿ ಮೀಟುವುದನ್ನು ಅಪ್ಪ ನೋಡಿದ. ಸರಿ, ಇದೇ ಇಷ್ಟ ಅವಳಿಗೆ.

ಇಬ್ಬರ ತಲೆಯೂ ಸಿಡಿಯುತ್ತಿತ್ತು.

"ಹಾಲೇಶಾ!" ಗೇಟಿನಲ್ಲಿ ಪಕ್ಕದ ಮನೆಯ ಕರಿಯಣ್ಣ ನಿಂತಿದ್ದರು. ಕಂದಾಯ ಇಲಾಖೆಯಿಂದ ನಿವೃತ್ತರಾದರೂ ಲೋಕವನ್ನು ಇನ್ನೂ ಸರ್ವೆ ನಂಬರಿನಲ್ಲೇ ನೋಡುವವರು. "ನಿನ್ನ ಸೌಂಡು ನನ್ನ ಕಾಂಪೌಂಡ್ ದಾಟಿ ಬಂದಿದೆ ಮಾರಾಯ. ಇದು ಒತ್ತುವರಿ. ಶುದ್ಧ ಒತ್ತುವರಿ."

"ಕರಿಯಣ್ಣೋರೆ, ಅದು ಸೌಂಡಲ್ಲ. ಟೋನು."

"ಯಾವುದೋ ಒಂದು. ನಮ್ಮನೆ ಲೋಟ ಎಲ್ಲ ನೆಲಕ್ಕೆ ಬಿದ್ದಿವೆ. ಸ್ಥಳ ಪರಿಶೀಲನೆ ಮಾಡ್ತೀಯಾ?"

"ಈಗಿನ ಕಾಲದ ಟೋನು ಹಾಗೇ ಇರೋದು. ಬಾಸು ಅಂದ್ರೆ ಹೊಟ್ಟೆಗೆ ತಾಗ್ಬೇಕು, ಟ್ರೆಬಲ್ಲು ಹಲ್ಲಿಗೆ ತಾಗ್ಬೇಕು."

"ನಂದು ಕಟ್ಟಿಸಿದ ಹಲ್ಲು ಕಣೋ! ಅಲ್ಲಾಡ್ತಾ ಇದೆ!"

ಒಳಗಿನಿಂದ ಇದನ್ನು ಕೇಳಿಸಿಕೊಂಡ ಇಂಪನಾಗೆ ಉಳಿದ ಚೂರು ಅನುಮಾನವೂ ಹೋಯಿತು. ಅಪ್ಪ ಬೀದಿಯವರನ್ನು ಎದುರುಹಾಕಿಕೊಂಡು ತಮ್ಮ ಸೆಟ್ಟಿಂಗನ್ನು ಕಾಯುತ್ತಿದ್ದಾರೆ! ದಿನವೂ ಮೊದಲ ಸುತ್ತು ಅಪ್ಪನಿಗಾಗಿ ಎಂದು ತೀರ್ಮಾನಿಸಿದಳು. ಅಪ್ಪ ಪೇಪರು ತರಲೆಂದೋ ಹಾಲು ತರಲೆಂದೋ ಹೊರಗೆ ಹೋದಾಗ ಗುಂಡಿಗಳನ್ನು ತಿರುಗಿಸಿ ತನ್ನ ಮೆತ್ತನೆ ದನಿಯಲ್ಲಿ ಟ್ಯೂನನ್ನು ತಿದ್ದಿಕೊಳ್ಳುತ್ತಿದ್ದಳು. ಬೆಳಿಗ್ಗೆ ಅಜ್ಜಿ ಕುಂಕುಮ ನೆಟ್ಟಗೆ ಮಾಡುತ್ತಿದ್ದರು. ಸಂಜೆ ಮತ್ತೆ ಕಲ್ಯಾಣ ಮಂಟಪ.

ಇಡೀ ಬೀದಿ ತನ್ನ ದಿನಚರಿಯನ್ನು ಬದಲಾಯಿಸಿಕೊಂಡಿತು. ಕರಿಯಣ್ಣ ಸಂಜೆಯ ವಾಕಿಂಗನ್ನು ಆ ಹೊತ್ತಿಗೇ ಇಟ್ಟುಕೊಂಡರು, ಹಲ್ಲು ಸೆಟ್ಟನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದರು. ಎದುರು ಮನೆಯ ನಾಯಿ ನಾಲ್ಕು ಮನೆ ಆಚೆ ಹೋಗಿ ಬೊಗಳತೊಡಗಿತು.

"ನಿಮಗೆ ನಿಜವಾಗ್ಲೂ ಹಿಡಿಸಿದೆಯಾ ಇದು?" ತನುಜಾ ಒಂದು ದಿನ ಬಟ್ಟೆ ಮಡಚುತ್ತ ಕೇಳಿದಳು.

"ಏನು?" ಹಾಲೇಶ ಕಿವಿಯಿಂದ ಹತ್ತಿ ತೆಗೆದ.

"ಈ ಸೌಂಡು."

"ಅವಳಿಗೆ ಹಿಡಿಸಿದೆಯಲ್ಲ. ಮಕ್ಕಳ ಉತ್ಸಾಹಕ್ಕೆ ನಾವು ಅಡ್ಡ ಬರಬಾರದು."

"ಅವಳನ್ನ ಕೇಳಿದ್ರಾ?"

"ಕೇಳೋದೇನಿದೆ ಮಾರಾಯ್ತಿ? ದಿನಾ ಕೇಳ್ತಾನೇ ಇದೀನಲ್ಲ" ಎಂದು ಹತ್ತಿಯನ್ನು ಮತ್ತೆ ತುರುಕಿಕೊಂಡ.

ತನುಜಾ ಮಗಳನ್ನೂ ಕೇಳಿ ನೋಡಿದಳು. "ಇರ್ಲಿ ಬಿಡಮ್ಮ, ಅಪ್ಪಂಗೆ ಇಷ್ಟ. ಅವರು ನನ್ನ ಗಿಟಾರ್ ಹತ್ರ ಬಂದು ಕೂತ್ಕೊಳ್ಳೋದೇ ಈಗ. ನೀನೇನೂ ಹೇಳ್ಬೇಡ, ಪ್ರಾಮಿಸ್ ಮಾಡು" ಎಂದಳು ಇಂಪನಾ. ತನುಜಾ ಇಬ್ಬರನ್ನೂ ಒಂದೇ ಕೋಣೆಗೆ ಸೇರಿಸಿ ಮಾತಾಡಿಸಬೇಕೆಂದು ಅಂದುಕೊಂಡಾಗಲೆಲ್ಲ ಆ ಕೋಣೆಯಲ್ಲಿ ಮಾತು ಕೇಳಿಸುವ ಪರಿಸ್ಥಿತಿ ಇರುತ್ತಿರಲಿಲ್ಲ.

ಅಷ್ಟರಲ್ಲಿ ವಾಣಿಯ ಫೋನು ಬಂತು. ಕಾಗದನಗರದಲ್ಲಿ ರಾಜ್ಯೋತ್ಸವ ನಡೆಸುವ ಅವರ ಬೀದಿಯ ಮಹಿಳಾ ಮಂಡಳಿಗೆ ಅವಳು ಕಾರ್ಯದರ್ಶಿ. "ಅಣ್ಣ, ಇಂಪನಾ ಹೆಸರು ಹಾಕಿಸಿದೀನಿ. ಸಮಾರಂಭದ ಅಧ್ಯಕ್ಷರ ಭಾಷಣ ಆದ್ಮೇಲೆ ಅವಳದೇ. ಆದ್ರೆ ಸೌಂಡ್ ಸರಿಯಾಗಿರ್ಬೇಕು ನೋಡು. ಹೋದ ವರ್ಷ ನಾಡಗೀತೆ ಹೊತ್ತಲ್ಲೇ ಮೈಕ್ ಕೂಯ್ ಅಂತು, ನನ್ನ ಮಾನ ಹೋಯ್ತು."

"ಸೌಂಡ್ ವಿಷ್ಯ ನಂಗೆ ಬಿಡು" ಎಂದುಬಿಟ್ಟ ಹಾಲೇಶ.

ಮರುದಿನ ವಾಟ್ಸಾಪಿನಲ್ಲಿ ಬಂದ ಆಹ್ವಾನ ಪತ್ರಿಕೆಯಲ್ಲಿ, ಅಧ್ಯಕ್ಷರ ಹೆಸರಿನ ಕೆಳಗೆ, ಅದಕ್ಕಿಂತ ಒಂದು ಕೂದಲು ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಧ್ವನಿ ನಿರ್ವಹಣೆ: ಶ್ರೀ ಹಾಲೇಶ್, ಶಿವಮೊಗ್ಗ." ಹಾಲೇಶ ಅದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ, ಚಿಕ್ಕದು ಮಾಡಿ ನೋಡಿದ. ಹೆಮ್ಮೆಯೂ ಹೆದರಿಕೆಯೂ ಒಟ್ಟಿಗೇ ಶುರುವಾದವು.

ಇಂಪನಾಗೂ ನಿದ್ದೆ ಹತ್ತದಾಯಿತು. ತನ್ನ ಟ್ಯೂನು ಅಪ್ಪನ ಸೆಟ್ಟಿಂಗಿನಲ್ಲಿ ಹನಿಯಂತಿರದೆ ತಗಡಿನ ಮೇಲೆ ಕಲ್ಲು ಸುರಿದಂತಿರುತ್ತದೆ. ಹಾಗೆ ಬಾರಿಸಿದರೆ ಜನ ಕಿವಿ ಮುಚ್ಚುತ್ತಾರೆ, ಹುಸೇನ್ ತಾತ ಆಂಪನ್ನು ಅಲ್ಲಿಂದಲೇ ಒಯ್ಯುತ್ತಾರೆ. ತನ್ನ ಸೆಟ್ಟಿಂಗಿನಲ್ಲಿ ಬಾರಿಸಿದರೆ ಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಂಡ ಅಪ್ಪನಿಗೆ ನೂರು ಜನರ ಮುಂದೆ ಹೇಗನ್ನಿಸೀತು?

ರಾಜ್ಯೋತ್ಸವದ ದಿನ ಕರಿಯಣ್ಣನವರೇ ತಮ್ಮ ವ್ಯಾನು ತೆಗೆದರು. ಆಂಪ್ ವಾಪಸು ಹೋಗುವುದನ್ನು ಕಣ್ಣಾರೆ ನೋಡುವ ಆಸೆ ಅವರಿಗೆ. ನಂಜಮ್ಮ ದಾರಿಯುದ್ದಕ್ಕೂ ಪೆಟ್ಟಿಗೆಯ ಮೇಲೆ ಒಂದು ಕೈ, ಕುಂಕುಮದ ಭರಣಿಯಿದ್ದ ಚೀಲದ ಮೇಲೆ ಇನ್ನೊಂದು ಕೈ ಇಟ್ಟುಕೊಂಡು ಕೂತಿದ್ದರು.

ಕಾಗದನಗರದ ಕ್ವಾರ್ಟರ್ಸಿನ ನಡುವೆ ಶಾಮಿಯಾನ ಹಾಕಿತ್ತು. ಹಳದಿ ಕೆಂಪು ಬಾವುಟ, ಭುವನೇಶ್ವರಿಯ ಪಟ, ಸಾಲು ಕುರ್ಚಿ. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಒಟ್ಟಿಗೇ ರಾಜ್ಯೋತ್ಸವಕ್ಕೆ ಬಂದು ಕೂತಿದ್ದವು. ಮೊದಲ ಸಾಲಿನಲ್ಲಿ ನಂಜಮ್ಮ, ಕೊನೆಯ ಸಾಲಿನಲ್ಲಿ ಕಾಲು ಚಾಚಿಕೊಂಡು ಹುಸೇನ್ ಸಾಹೇಬರು. ಅವರ ಗೂಡ್ಸ್ ಆಟೊ ಶಾಮಿಯಾನದ ಬಾಯಲ್ಲೇ ನಿಂತಿತ್ತು. ವೇದಿಕೆಯ ಪಕ್ಕ ಹಾಲೇಶ ಕುತ್ತಿಗೆಗೆ ಒಂದು ಬಣ್ಣದ ಬ್ಯಾಡ್ಜು ಹಾಕಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದ.

ಅಧ್ಯಕ್ಷರ ಭಾಷಣ ಮುಗಿಯಿತು. ಪರದೆಯ ಹಿಂದೆ ಕೊನೆಯ ಗಳಿಗೆಯಲ್ಲಿ ಇಂಪನಾ ಮನಸ್ಸು ಗಟ್ಟಿಮಾಡಿ ಗುಂಡಿಗಳನ್ನು ತನ್ನ ದನಿಗೆ ತಿರುಗಿಸಿದ್ದಳು. ಬಂದು ಕುರ್ಚಿಯಲ್ಲಿ ಕೂತು, ಅಪ್ಪನ ಕಡೆ ನೋಡುವ ಧೈರ್ಯವಿಲ್ಲದೆ, ಮೊದಲ ಹನಿಗಳನ್ನು ಬಿಟ್ಟಳು.

ಶಾಮಿಯಾನ ನಿಶ್ಶಬ್ದವಾಯಿತು. ಹಾಲೇಶನ ಮುಚ್ಚಿದ ಕಣ್ಣು ತಾನಾಗಿ ತೆರೆಯಿತು.

ಅದೇ ಹೊತ್ತಿಗೆ ಮೊದಲ ಸಾಲಿನಲ್ಲಿ ನಂಜಮ್ಮನ ಕಣ್ಣು ಆಂಪಿನ ಮೇಲೆ ಬಿತ್ತು. ಹಬ್ಬದ ದಿನ, ತಾಯಿ ಭುವನೇಶ್ವರಿಯ ಎದುರಿಗೇ, ಐದಕ್ಕೆ ಐದೂ ಸೊಟ್ಟ! ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದರು. ಭರಣಿ ಹಿಡಿದು ವೇದಿಕೆ ಹತ್ತಿದರು. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಅಧ್ಯಕ್ಷರು ಎದ್ದು ನಮಸ್ಕರಿಸಿದರು. ಅಜ್ಜಿ ಮೊಮ್ಮಗಳ ಹಿಂದೆ ಹೋಗಿ ಒಂದನೇ ಗುಂಡಿಯನ್ನು ನೆಟ್ಟಗೆ ಮಾಡಿದರು.

ಬಾಸು ಬಂತು. ಶಾಮಿಯಾನದ ಕಂಬ ನಡುಗಿತು.

ಎರಡನೆಯದು, ಮೂರನೆಯದು. ಅಧ್ಯಕ್ಷರ ಕೈಯ ಚಹಾ ಅಧ್ಯಕ್ಷರ ಪಂಚೆಗೆ ಬಂತು. ನಾಲ್ಕನೆಯದಕ್ಕೆ ಮಡಿಲಲ್ಲಿ ಮಲಗಿದ್ದ ಕೂಸುಗಳೆಲ್ಲ ಒಟ್ಟಿಗೆ ಎದ್ದವು. ಐದನೆಯದಕ್ಕೆ ಕರಿಯಣ್ಣ ಎರಡೂ ಕೈಯಲ್ಲಿ ಬಾಯಿ ಹಿಡಿದುಕೊಂಡರು.

ಆ ಗದ್ದಲದಲ್ಲಿ ಕೊನೆಯ ಸಾಲಿನಿಂದ ಹುಸೇನ್ ಸಾಹೇಬರು ಮೊಣಕಾಲಿನ ನೋವು ಮರೆತು ಎದ್ದು ನಿಂತರು. "ಅರೆ ವಾಹ್! ಇದು ನನ್ನ ಸೌಂಡು! ಬ್ಯಾಂಡಿನವ್ರ ಜೊತೆ ಬಾರಿಸೋವಾಗ ಇಟ್ಟಿದ್ದ ಸೆಟ್ಟಿಂಗು! ಏಕ್‌ದಂ ಅದೇ!"

ಹಾಲೇಶ ಓಡಿ ವೇದಿಕೆಗೆ ಹತ್ತಿದ. ಯಾವ ಗುಂಡಿ ತಿರುಗಿಸಬೇಕೆಂದು ತಿಳಿಯದೆ ಆಂಪಿನ ವೈರನ್ನೇ ಕಿತ್ತ. ತಕ್ಷಣದ ಮೌನದಲ್ಲಿ, ಮಗಳ ಮುಂದಿದ್ದ ಮೈಕು ಆನ್ ಇದೆಯೆಂಬುದನ್ನು ಧ್ವನಿ ನಿರ್ವಾಹಕರು ಮರೆತಿದ್ದರು.

"ಪುಟ್ಟಾ, ಹೆದರ್ಬೇಡ. ನೀನು ದಿನಾ ಇಡೋ ಸೆಟ್ಟಿಂಗು ಹಾಳಾಗ್ಲಿಲ್ಲ, ಅಜ್ಜಿ ಅದನ್ನೇ ವಾಪಸ್ ಇಟ್ಟಿದಾರೆ."

"ಅದು ನಂದಲ್ಲಪ್ಪ, ನಿಂದು!"

"ನಂದಾ? ನಂಗೆ ತಲೆನೋವು ಬರುತ್ತೆ ಪುಟ್ಟಾ ಅದರಿಂದ. ನಿಂಗಿಷ್ಟ ಅಂತ ದಿನಾ ಕಿವಿಗೆ ಹತ್ತಿ ಇಟ್ಕೊಂಡು ಕೂರ್ತಿದ್ದೆ."

"ನಿಂಗಿಷ್ಟ ಅಂತ ನಾನು ಬಾರಿಸ್ತಿದ್ದೆ!"

ಇಡೀ ಕಾಗದನಗರ ಈ ಸಂಭಾಷಣೆಯನ್ನು ನಾಲ್ಕು ದಿಕ್ಕಿನ ಸ್ಪೀಕರುಗಳಲ್ಲಿ ಕೇಳಿತು. ತನುಜಾ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಪಕ್ಕದವರಿಗೆ ತಿಳಿಯಲಿಲ್ಲ.

"ಹಂಗಾದ್ರೆ ದಿನಾ ತಿರುಗಿಸ್ತಿದ್ದೋರು ಯಾರು?" ಎಂದು ಹಾಲೇಶ ತಿರುಗಿದ. ನಂಜಮ್ಮ ಬೆರಳಿಗೆ ಕುಂಕುಮ ಮೆತ್ತಿಕೊಂಡು, ಇಷ್ಟು ಜನ ತನ್ನನ್ನೇ ಯಾಕೆ ನೋಡುತ್ತಿದ್ದಾರೆಂದು ತಿಳಿಯದೆ ನಿಂತಿದ್ದರು.

"ಸೊಟ್ಟ ಇತ್ತು ಕಣೋ" ಎಂದರು. "ಹಣೆಗಿಡೋದನ್ನ ಗಲ್ಲಕ್ಕೆ ಇಟ್ಕೊಂಡು ಸ್ಟೇಜ್ ಮೇಲೆ ಕೂತ್ರೆ ಜನ ಏನಂತಾರೆ? ದಿನಾ ಬೆಳಿಗ್ಗೆ ನಾನೇ ಸರಿ ಮಾಡೋದು."

ನಗು ಮೊದಲು ಹಿಂದಿನ ಸಾಲಿನಲ್ಲಿ ಎದ್ದು ಮುಂದಕ್ಕೆ ಬಂತು. "ಅಮ್ಮ, ಅದು ಕುಂಕುಮ ಅಲ್ಲ ನೀವು ಸರಿ ಮಾಡಿದ್ದು, ನನ್ನ ಕೊನೇ ಮದುವೆ!" ಎಂದು ಹುಸೇನ್ ಸಾಹೇಬರು ಕುರ್ಚಿ ಹಿಡಿದು ನಕ್ಕರು. ವಾಣಿ ಮಾತ್ರ ಪತ್ರಿಕೆಯನ್ನು ಬೀಸಣಿಗೆ ಮಾಡಿಕೊಂಡು, "ಅಣ್ಣ, ಹೋದ ವರ್ಷದ ಕೂಯ್ ಎಷ್ಟೋ ವಾಸಿ ಇತ್ತು" ಎಂದಳು.

ಇಂಪನಾ ಗಿಟಾರನ್ನು ಕೆಳಗಿಟ್ಟು ಅಜ್ಜಿಯ ಹತ್ತಿರ ಹೋದಳು. ವೈರನ್ನು ಮತ್ತೆ ಸಿಕ್ಕಿಸಿ, ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ತನ್ನ ದನಿಗೆ ತಂದಳು. ಆಮೇಲೆ ತನ್ನ ಕರವಸ್ತ್ರದಿಂದ ಹಳೆಯ ಗಂಧವನ್ನೆಲ್ಲ ಒರೆಸಿ, "ಅಜ್ಜಿ, ಈಗ ಇಡಿ. ಇದೇ ಹಣೆ" ಎಂದಳು.

ನಂಜಮ್ಮ ಬಗ್ಗಿ ನೋಡಿ, ಸಮಾಧಾನವಾಗಿ, ಐದೂ ಗುಂಡಿಗಳ ಮೇಲ್ಭಾಗಕ್ಕೆ ನೆಟ್ಟಗೆ ಹೊಸ ಕುಂಕುಮ ಇಟ್ಟು ಇಳಿದುಹೋದರು. ಹಾಲೇಶನೂ ಇಳಿದು, ಬ್ಯಾಡ್ಜನ್ನು ಜೇಬಿಗೆ ಹಾಕಿಕೊಂಡು, ಜನರ ನಡುವೆ ಒಂದು ಖಾಲಿ ಕುರ್ಚಿಯಲ್ಲಿ ಕೂತ.

ಇಂಪನಾ ಮೊದಲಿನಿಂದ ನುಡಿಸಿದಳು. ಯಾರೂ ಕೆಮ್ಮಲಿಲ್ಲ. ಕೊನೆಯ ಹನಿ ಬಿದ್ದ ಮೇಲೂ ಜನ ಇನ್ನೊಂದಕ್ಕೆ ಕಾಯುತ್ತ ಕೂತಿದ್ದು, ತಡವಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಹಿಂದೆಯೇ ಅಭಿಪ್ರಾಯಗಳು ಬಂದವು. ಮಿಡ್ಲು ಜಾಸ್ತಿ ಆಯ್ತು, ಆದರೂ ಪರವಾಗಿಲ್ಲ, ಪೆಟ್ಟಿಗೆ ಬೇಟಿಯ ಹತ್ರಾನೇ ಇರ್ಲಿ, ತರೀಕೆರೆಯವ್ರಿಗೆ ಬೇರೆ ನೋಡ್ತೀನಿ ಎಂದು ಹುಸೇನ್ ಸಾಹೇಬರು ಕೂಗಿದರು. ಇಷ್ಟಾದರೆ ಕಾಂಪೌಂಡ್ ಒಳಗೇ ಇರುತ್ತೆ, ತಕರಾರಿಲ್ಲ ಎಂದರು ಕರಿಯಣ್ಣ. ಟ್ರೆಬಲ್ ಅಂದರೆ ಯಾವುದು ಎಂದು ಅಧ್ಯಕ್ಷರು ಪಂಚೆ ಹಿಂಡುತ್ತ ವಾಣಿಯನ್ನು ಕೇಳಿದರು. ಹಾಗಾದರೆ ಧ್ವನಿ ನಿರ್ವಾಹಕರು ಏನನ್ನುತ್ತಾರೆ ಎಂದು ಎಲ್ಲರೂ ಹಾಲೇಶನ ಕಡೆ ತಿರುಗಿದರು.

ಹಾಲೇಶ ಎದ್ದು ನಿಂತ. ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿತು. "ಬಾಸು ಒಂಚೂರು..." ಎಂದು ಬಾಯಿ ತೆರೆಯುವಷ್ಟರಲ್ಲಿ ಇಂಪನಾ ಮೈಕಿನ ಹತ್ತಿರ ಬಗ್ಗಿದಳು. ಈ ಸಲ ಅದು ಆನ್ ಇದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬಾಸು, ಟ್ರೆಬಲ್ಲು ಆಮೇಲೆ ಹೇಳಪ್ಪ" ಎಂದಳು. "ನಾನು ನುಡಿಸೋದು ನಿಂಗೆ ಇಷ್ಟನಾ?"